ಲಾವಂಚ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ

ನಮ್ಮೂರು ಗಂಗಾವತಿ ತಾಲೂಕಿನಲ್ಲಿದೆ. ಒಂದು ಮಗ್ಗುಲಿಗೆ ಕಾಲುವೆ ನೀರಿನ ನೆಲ್ಲಿನ ಗದ್ದೆ, ಇನ್ನೊಂದು ಮಗ್ಗುಲಿಗೆ ಬಂಡೆಗುಡ್ಡ. ಮನೆ ಹಿತ್ತಲು ಮಸಾರಿ, ಅಂದರೆ ಕೆಂಪು ಮಣ್ಣು. ಹೊಲ ಎರೆ, ಅಂದರೆ ಕಪ್ಪು ಮಣ್ಣು. ಎರಡೂ ಕಡೆ ಲಾವಂಚ ಹಚ್ಚಿ ಒಂಬತ್ತು ವರ್ಷ ಆಯ್ತು. ಬೇಸಿಗೆ ಬಂದರೆ ಸಾಕು, ಪರಿಚಯದವರು ಬಂದು ಬೇರು ಕೇಳುತ್ತಾರೆ. ಮಳೆ ಬಿದ್ದರೆ ಸಸಿ ಕೇಳುತ್ತಾರೆ. ಸಸಿ ಒಯ್ದವರು ಆಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಲಾವಂಚ, ಮುಡಿವಾಳ, ಖಸ್, ವೆಟಿವರ್ ಎಲ್ಲ ಒಂದೇನಾ?

ಒಂದೇ. ಕನ್ನಡದಲ್ಲಿ ಲಾವಂಚ, ಮುಡಿವಾಳ ಎರಡೂ ಹೆಸರಿವೆ. ಹಿಂದಿಯಲ್ಲಿ ಖಸ್, ಸಂಸ್ಕೃತದಲ್ಲಿ ಉಶೀರ. ವೆಟಿವರ್ ಅನ್ನೋದು ತಮಿಳಿನ ವೆಟ್ಟಿವೇರ್‌ನಿಂದ ಹೋದ ಮಾತು. ಅವರ ವೇರ್ ಅಂದರೆ ನಮ್ಮ ಬೇರು. ಸಸ್ಯಶಾಸ್ತ್ರದವರು ಈಗ ಕ್ರೈಸೊಪೋಗನ್ ಜಿಜನಿಯೋಯಿಡಿಸ್ ಅನ್ನುತ್ತಾರೆ. ಹಳೆ ಪುಸ್ತಕಗಳಲ್ಲಿ ವೆಟಿವೇರಿಯಾ ಎಂದೇ ಇರುತ್ತದೆ.

ಜೋಳ, ಕಬ್ಬು ಇದ್ದ ಕುಟುಂಬದ್ದೇ ಇದು. ಗರಿ ಉದ್ದ, ಸಪೂರ, ಅಂಚು ಸ್ವಲ್ಪ ಹರಿತ. ಆಳೆತ್ತರಕ್ಕೆ ಬೆಳೆಯುತ್ತದೆ. ಒಮ್ಮೆ ಹಚ್ಚಿದರೆ ವರ್ಷಾನುಗಟ್ಟಲೆ ಇರುತ್ತದೆ.

ಮಜ್ಜಿಗೆ ಹುಲ್ಲಿಗೂ ಇದಕ್ಕೂ ಏನು ವ್ಯತ್ಯಾಸ?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ಒಂದು ನರ್ಸರಿಯಿಂದ ಲಾವಂಚ ಅಂತ ಇಪ್ಪತ್ತು ಸಸಿ ತಂದಿದ್ದೆ. ವರ್ಷ ತುಂಬುವವರೆಗೂ ಪ್ರೀತಿಯಿಂದ ನೀರು ಹಾಕಿ ಬೆಳೆಸಿದೆ. ಅಗೆದು ನೋಡಿದರೆ ಗೇಣುದ್ದದ ಬೇರು, ವಾಸನೆಯೇ ಇಲ್ಲ. ನಮ್ಮ ಅವ್ವ ಒಂದು ಗರಿ ಹರಿದು ತಿಕ್ಕಿ ಮೂಸಿ, "ಇದು ಚಹಾಕ್ಕೆ ಹಾಕೋ ಹುಲ್ಲಪ್ಪಾ" ಅಂದಳು.

ಅವ್ವ ಮಾಡಿದ್ದೇ ಸರಿಯಾದ ಪರೀಕ್ಷೆ. ಗರಿ ತಿಕ್ಕಿದಾಗ ನಿಂಬೆ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಗರಿಯಲ್ಲಿ ಹೇಳಿಕೊಳ್ಳುವಂಥ ವಾಸನೆ ಇರೋದಿಲ್ಲ. ಅದರ ಘಮವೆಲ್ಲ ಬೇರಿನಲ್ಲಿ. ಸಸಿ ಕೊಳ್ಳುವಾಗ ಒಂದು ಎಳೆ ಬೇರು ಕಿತ್ತು ಉಗುರಿನಿಂದ ಗೀರಿ ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಗೆ ಸ್ವಲ್ಪ ಕಟ್ಟಿಗೆ ವಾಸನೆ ಸೇರಿದಂತೆ ಇರುತ್ತದೆ. ಎಳೆ ಸಸಿಯಲ್ಲಿ ಇದು ತೆಳುವಾಗಿರಬಹುದು. ಹಾಗಾಗಿ ಗರಿಯ ಪರೀಕ್ಷೆಯನ್ನೂ ಮಾಡಿ.

ನಮ್ಮ ಬಿಸಿಲಿಗೆ ತಡೆಯುತ್ತಾ?

ತಡೆಯುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟಿದರೂ ಬೇರೂರಿದ ಲಾವಂಚ ಸಾಯೋದಿಲ್ಲ. ಗರಿಯ ತುದಿ ಒಣಗುತ್ತದೆ, ಹಸಿರು ಮಾಸುತ್ತದೆ. ನೋಡಿದವರಿಗೆ ಸತ್ತೇ ಹೋಯಿತು ಅನಿಸುತ್ತದೆ. ಮಳೆ ಬಿದ್ದ ಒಂದು ವಾರಕ್ಕೆ ಬುಡದಿಂದ ಹೊಸ ಗರಿ ಎದ್ದಿರುತ್ತದೆ. ಬೇರು ನೇರ ಕೆಳಗೆ ಇಳಿಯುತ್ತದೆ. ಮಣ್ಣು ಚೆನ್ನಾಗಿದ್ದರೆ 3 ಮೀಟರಿನಷ್ಟು ಆಳಕ್ಕೂ ಹೋಗುತ್ತದೆ. ಅಲ್ಲಿನ ತೇವದಿಂದ ಅದು ಬದುಕುತ್ತದೆ.

ಇದಕ್ಕೆ ಆಗದಿರುವುದು ನೆರಳು. ಬೇವಿನ ಮರದ ಕೆಳಗೆ ಹಚ್ಚಿದವರು ಬಂದು "ಬೆಳೀತಾನೇ ಇಲ್ಲ" ಅನ್ನುತ್ತಾರೆ. ಬಯಲಿಗೆ ತಂದು ಹಚ್ಚಿ.

ಎರೆ ಹೊಲಕ್ಕೆ ಒಳ್ಳೆಯದಾ, ಮಸಾರಿಗೆ ಒಳ್ಳೆಯದಾ?

ಎರಡರಲ್ಲೂ ಬರುತ್ತದೆ. ಆದರೆ ನಿಮಗೆ ಏನು ಬೇಕು ಅನ್ನೋದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಒಡ್ಡು ಗಟ್ಟಿಯಾಗಬೇಕಾ? ಎರೆಯಲ್ಲಿ ಧಾರಾಳವಾಗಿ ಹಚ್ಚಿ. ಬೇರು ಬೇಕಾ? ಎರೆಯಲ್ಲಿ ಹಚ್ಚಲೇಬೇಡಿ.

ಎರೆ ಮಣ್ಣು ಹಸಿ ಇದ್ದಾಗ ಜಿಗುಟು, ಒಣಗಿದಾಗ ಕಲ್ಲು. ಲಾವಂಚದ ಬೇರು ಮೀಸೆ ಎಳೆಯಷ್ಟು ಸಣ್ಣ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ನಾನು ಒಮ್ಮೆ ಎರೆಯಿಂದ ಒಂದು ಬುಡ ಕೀಳಲು ಹೋಗಿ ಅರ್ಧ ದಿನ ಕಳೆದೆ. ಹಾರೆ ಹಾಕಿದ ಕಡೆಯೆಲ್ಲ ಬೇರು ತುಂಡಾಯಿತು. ಮೇಲೆ ಬಂದದ್ದು ಮಣ್ಣಿನ ಉಂಡೆ. ಅದನ್ನು ಮೂರು ಸಲ ತೊಳೆದರೂ ಕರಿ ಬಣ್ಣ ಬಿಡಲಿಲ್ಲ. ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದು ಒಂದು ಹಿಡಿ ಬೇರು.

ಬೇರಿಗೆ ಬೇಕಾದದ್ದು ಸಡಿಲ ಮಣ್ಣು. ಮಸಾರಿ ಒಳ್ಳೆಯದು. ಹಳ್ಳದ ದಂಡೆಯ ಮರಳು ಮಿಶ್ರಿತ ಮಣ್ಣು ಇನ್ನೂ ಒಳ್ಳೆಯದು. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಇದ್ದ ಕಡೆ ಬೇರು ಇಳಿಯುತ್ತದೆ, ಆದರೆ ಕೀಳುವಾಗ ಹರಿಯುತ್ತದೆ.

ಬೀಜ ಎಲ್ಲಿ ಸಿಗುತ್ತೆ?

ಬೀಜದಿಂದ ಬೆಳೆಸುವುದಿಲ್ಲ. ದಕ್ಷಿಣದಲ್ಲಿ ಬೆಳೆಸುವ ಜಾತಿ ಮೊಳೆಯುವಂಥ ಬೀಜ ಕಟ್ಟುವುದು ತೀರಾ ಅಪರೂಪ. ಅದಕ್ಕೇ ಇದು ಕಸದ ಹಾಗೆ ಹೊಲದ ತುಂಬ ಹರಡೋದಿಲ್ಲ. ಉತ್ತರ ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ಜಾತಿ ಬೀಜ ಬಿಡುತ್ತದೆ. ನಮಗೆ ಅದು ಬೇಡ.

ಬೆಳೆದ ಬುಡವನ್ನು ಒಡೆದು ತೆಂಡೆ, ಅಂದರೆ ಬುಡದಿಂದ ಎದ್ದ ಮರಿಗಳನ್ನು, ಬೇರ್ಪಡಿಸಿ ಹಚ್ಚಬೇಕು. ಮನೆಬಳಕೆಗೆ ಹತ್ತು ತೆಂಡೆ ಸಾಕು. ಎರಡು ವರ್ಷದಲ್ಲಿ ಅವೇ ಊರಿಗೆಲ್ಲ ಹಂಚುವಷ್ಟು ಆಗುತ್ತವೆ. ಹೆಸರಿರುವ ತಳಿ ಬೇಕಾದವರು ಔಷಧಿ, ಸುಗಂಧ ಸಸ್ಯಗಳ ಮೇಲೆ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆಯ ತಳಿಗಳನ್ನು ವಿಚಾರಿಸಬಹುದು. ಧಾರಿಣಿ, ಗುಲಾಬಿ, ಕೇಸರಿ, ಸಿಮ್-ವೃದ್ಧಿ ಅವರದೇ. ಬೆಂಗಳೂರಿನಲ್ಲೂ ಅವರ ಸಂಶೋಧನಾ ಕೇಂದ್ರ ಇದೆ.

ಯಾವಾಗ, ಹೇಗೆ ಹಚ್ಚಬೇಕು?

ಮೃಗಶಿರ, ಆರಿದ್ರ ಮಳೆ ಬಿದ್ದು ನೆಲ ತಂಪಾದ ಮೇಲೆ ಹಚ್ಚಿದರೆ ಹೆಚ್ಚು ಕಾಟ ಇಲ್ಲ. ನೀರಿನ ಅನುಕೂಲ ಇದ್ದವರು ಸೆಪ್ಟೆಂಬರಿನಲ್ಲೂ ಹಚ್ಚಬಹುದು. ನಮ್ಮ ಕಡೆ ಆ ತಿಂಗಳಲ್ಲೇ ಮಳೆ ಜಾಸ್ತಿ ಅಲ್ವಾ? ಬೇಸಿಗೆಯಲ್ಲಿ ಮಾತ್ರ ಬೇಡ.

ಬುಡವನ್ನು ಅಗೆದು ತೆಗೆದು ಎರಡು ಮೂರು ತೆಂಡೆಗೆ ಒಂದರಂತೆ ಬಿಡಿಸಿ. ಒಂದೇ ತೆಂಡೆ ಹಚ್ಚಿದರೆ ಸಾಯೋದು ಜಾಸ್ತಿ. ಗರಿಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ನಾಲ್ಕು ಬೆರಳಿನಷ್ಟು ಉಳಿಸಿ. ಒಣಗಿದ ಸಿಪ್ಪೆ ಸುಲಿದು ಹಾಕಿ. ಆಮೇಲೆ ಬುಡವನ್ನು ಒಂದು ಬಕೆಟ್ ನೀರಿನಲ್ಲಿ ನಾಲ್ಕೈದು ದಿನ ನಿಲ್ಲಿಸಿಡಿ. ದಿನಾ ನೀರು ಬದಲಿಸಿ. ಬಿಳಿ ಬೇರಿನ ಮೊಳಕೆ ಕಂಡವನ್ನು ಮಾತ್ರ ಹಚ್ಚಿ. ಹೀಗೆ ಮಾಡಿದ ಮೇಲೆ ನನ್ನಲ್ಲಿ ಸಸಿ ಹೋಗುವುದು ಬಹಳ ಕಡಿಮೆಯಾಗಿದೆ.

ಬೇರಿಗಾದರೆ ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಒಡ್ಡಿಗಾದರೆ ಗಿಡದಿಂದ ಗಿಡಕ್ಕೆ 4 ರಿಂದ 6 ಇಂಚು ಅಷ್ಟೇ. ಹಚ್ಚಿದ ಮೇಲೆ ಬುಡವನ್ನು ಕಾಲಿನಿಂದ ಒತ್ತಿ ಗಟ್ಟಿ ಮಾಡಿ. ಸುಮ್ನೆ ಮಣ್ಣು ಎಳೆದು ಬಿಟ್ಟರೆ ಒಳಗೆ ಗಾಳಿ ಸೇರಿ ಬೇರು ಒಣಗುತ್ತದೆ.

ನಮಗೆ ಹೊಲ ಇಲ್ಲ. ಮನೆ ಮುಂದೆ ಚೀಲದಲ್ಲಿ ಬೆಳೆಸಬಹುದಾ?

ಖಂಡಿತ. ಬೇರು ಬೇಕಾದವರಿಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ನೆಲ ಅಗೆಯುವ ಕಷ್ಟ ಇಲ್ಲ, ಬೇರು ತುಂಡಾಗೋದಿಲ್ಲ, ತೊಳೆಯೋದೂ ಸುಲಭ.

ಗೊಬ್ಬರದ ಅಥವಾ ಅಕ್ಕಿಯ ಖಾಲಿ ಚೀಲ ತಗೊಳ್ಳಿ. ಗೊಬ್ಬರದ್ದಾದರೆ ಚೆನ್ನಾಗಿ ತೊಳೆದು ಒಣಗಿಸಿ. ಮಸಾರಿ ಎರಡು ಪಾಲು, ಮರಳು ಒಂದು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು ಕಲಸಿ. ನೆಲ್ಲಿನ ಹೊಟ್ಟು ಸಿಕ್ಕರೆ ಎರಡು ಬುಟ್ಟಿ ಸೇರಿಸಿ, ಮಣ್ಣು ಸಡಿಲವಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಹತ್ತಿರ ಇರುವವರಿಗೆ ಹೊಟ್ಟಿಗೆ ಬರ ಇಲ್ಲ. ಚೀಲದ ತಳಕ್ಕೆ ನಾಲ್ಕೈದು ತೂತು ಮಾಡಿ, ಕಂಠದ ಕೆಳಗೆ ಒಂದು ಗೇಣು ಬಿಟ್ಟು ಮಣ್ಣು ತುಂಬಿ. ಒಂದು ಚೀಲಕ್ಕೆ ಎರಡು ಸಸಿ ಸಾಕು.

ಎರಡು ವಿಷಯ ನೆನಪಿರಲಿ. ಒಂದು, ಚೀಲವನ್ನು ನೇರವಾಗಿ ನೆಲದ ಮೇಲೆ ಇಡಬೇಡಿ. ಆರು ತಿಂಗಳಲ್ಲಿ ಬೇರು ತೂತಿನಿಂದ ಇಳಿದು ನೆಲ ಸೇರುತ್ತದೆ. ಆಮೇಲೆ ಚೀಲ ಎತ್ತಿದರೆ ಒಳ್ಳೆಯ ಬೇರೆಲ್ಲ ನೆಲದಲ್ಲೇ ಉಳಿಯುತ್ತದೆ. ಒಂದು ಬಂಡೆ ಚಪ್ಪಡಿಯ ಮೇಲಿಡಿ. ನಮ್ಮ ಕಡೆ ಬಂಡೆಗೆ ಏನು ಕೊರತೆ? ಎರಡು, ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಚೀಲ ಒಂದೇ ವರ್ಷಕ್ಕೆ ಹಪ್ಪಳದಂತೆ ಪುಡಿಯಾಗುತ್ತದೆ. ನನ್ನ ಮೊದಲ ಆರು ಚೀಲಗಳಲ್ಲಿ ನಾಲ್ಕು ಬೇರು ಕೀಳುವ ಮೊದಲೇ ಹರಿದು ಮಣ್ಣು ಅಂಗಳಕ್ಕೆ ಸುರಿಯಿತು. ಹೊರಗೆ ಬಂದ ಬೇರು ಎರಡೇ ದಿನದ ಬಿಸಿಲಿಗೆ ಒಣಗಿ ಹಗುರಾಯಿತು. ಅಂದಿನಿಂದ ಎರಡು ಚೀಲ ಒಂದರೊಳಗೊಂದು ಹಾಕಿ, ಪಡುವಣದ ಬಿಸಿಲು ಬೀಳುವ ಕಡೆ ತಗಡು ಒರಗಿಸುತ್ತೇನೆ. ಹಳೆಯ ಡ್ರಮ್ಮು ಇದ್ದರೆ ಈ ತಾಪತ್ರಯವೇ ಇಲ್ಲ.

ನೀರು, ಗೊಬ್ಬರ ಎಷ್ಟು?

ಮೊದಲ ಎರಡು ತಿಂಗಳು ಮಣ್ಣು ಒಣಗಲು ಬಿಡಬೇಡಿ. ಆಮೇಲೆ ನೆಲದಲ್ಲಿದ್ದ ಗಿಡಕ್ಕೆ ಮಳೆಗಾಲದಲ್ಲಿ ಏನೂ ಬೇಡ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಚೀಲದ್ದಕ್ಕೆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬೇಕು. ವರ್ಷಕ್ಕೊಮ್ಮೆ ಒಂದು ಬುಟ್ಟಿ ತಿಪ್ಪೆಗೊಬ್ಬರ ಹಾಕಿ. ಯೂರಿಯಾ ಜಾಸ್ತಿ ಹಾಕಿದರೆ ಗರಿ ದಟ್ಟವಾಗಿ ಬರುತ್ತದೆ, ಆದರೆ ನಮಗೆ ಬೇಕಾದದ್ದು ಗರಿ ಅಲ್ಲವಲ್ಲ.

ಗರಿ ಕತ್ತರಿಸಬೇಕಾ?

ವರ್ಷಕ್ಕೆ ಎರಡು ಮೂರು ಸಲ ಮೊಣಕಾಲೆತ್ತರಕ್ಕೆ ಕೊಯ್ಯಿರಿ. ಕುಡುಗೋಲು ಸಾಕು. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಗರಿ ಕೈ ಗೀರುತ್ತದೆ. ಕೊಯ್ದಷ್ಟೂ ಹೊಸ ತೆಂಡೆ ಒಡೆದು ಬುಡ ದಪ್ಪವಾಗುತ್ತದೆ. ಎಳೆ ಗರಿಯನ್ನು ಎಮ್ಮೆ, ಆಕಳು ತಿನ್ನುತ್ತವೆ. ಬಲಿತದ್ದನ್ನು ಮೂಸಿ ಬಿಡುತ್ತವೆ. ಅದನ್ನು ಬದನೆ, ಮೆಣಸಿನಕಾಯಿ ಗಿಡದ ಬುಡಕ್ಕೆ ಹೊದಿಸಿ, ತೇವ ಆರೋದಿಲ್ಲ.

ಒಡ್ಡಿಗೆ ಹಚ್ಚಿದರೆ ನಿಜಕ್ಕೂ ಮಣ್ಣು ನಿಲ್ಲುತ್ತಾ?

ನಿಲ್ಲುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಇದನ್ನೇ ಹಚ್ಚುತ್ತಾ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ಲಾವಂಚದ ಸಾಲನ್ನು ಎಲ್ಲ ಕಡೆ ಪ್ರಚಾರ ಮಾಡಿದರು. ಈಗ ಎಷ್ಟೋ ದೇಶಗಳಲ್ಲಿ ರಸ್ತೆ ಪಕ್ಕದ ಇಳಿಜಾರಿಗೂ ಇದನ್ನೇ ಹಚ್ಚುತ್ತಾರೆ.

ಇಳಿಜಾರಿಗೆ ಅಡ್ಡವಾಗಿ, ನೀರು ಸಮನಾಗಿ ನಿಲ್ಲುವ ಗೆರೆಯಲ್ಲಿ ಒತ್ತಾಗಿ ಹಚ್ಚಬೇಕು. ಎರಡು ಮೂರು ಹಂಗಾಮಿನಲ್ಲಿ ಬುಡಗಳು ಕೂಡಿಕೊಂಡು ಗೋಡೆಯಾಗುತ್ತವೆ. ನೀರು ಅದರ ಸಂದಿಯಿಂದ ಸೋಸಿ ಹೋಗುತ್ತದೆ, ಮಣ್ಣು ಹಿಂದೆ ಕೂರುತ್ತದೆ. ನಮ್ಮ ಎರೆ ಹೊಲದ ಕೆಳಗಿನ ಒಡ್ಡು ಪ್ರತಿ ವರ್ಷ ಸೆಪ್ಟೆಂಬರ್ ಮಳೆಗೆ ಒಡೆಯುತ್ತಿತ್ತು. ಲಾವಂಚ ಹಚ್ಚಿದ ಮೂರನೇ ವರ್ಷ ಒಡೆಯಲಿಲ್ಲ. ಅಲ್ಲಿಂದ ಇಲ್ಲಿವರೆಗೆ ಒಡೆದಿಲ್ಲ. ಸಾಲಿನ ಮೇಲ್ಮಗ್ಗುಲಿಗೆ ಈಗ ಒಂದು ಗೇಣು ಮಣ್ಣು ಏರಿದೆ. ಮುಂಚೆ ಇಷ್ಟೂ ಮಣ್ಣು ಹಳ್ಳದ ಪಾಲಾಗುತ್ತಿತ್ತು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಸಾಲಿನಲ್ಲಿ ಒಂದು ಸಸಿ ಸತ್ತರೂ ತಕ್ಷಣ ಅಲ್ಲಿಗೆ ಇನ್ನೊಂದು ಹಚ್ಚಿ. ನೀರು ಆ ಸಂದಿಯನ್ನೇ ಹುಡುಕುತ್ತದೆ. ಕೃಷಿ ಹೊಂಡ ಇದ್ದವರು ಹೊಂಡದ ಹೊರಗಿನ ಏರಿಗೆ ಮಾತ್ರ ಹಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆಯ ಹತ್ತಿರ ಬೇಡ. ಮತ್ತೆ, ಒಡ್ಡಿನ ಸಾಲಿನಿಂದ ಬೇರಿಗಾಗಿ ಯಾವತ್ತೂ ಅಗೆಯಬೇಡಿ. ಬೇರಿಗೆ ಬೇರೆ ಜಾಗದಲ್ಲಿ ಬೇರೆ ಗಿಡ ಇರಲಿ.

ಕಾಲುವೆ ಕೆಳಗಿನ ಸವುಳು ನೆಲದಲ್ಲಿ ಬರುತ್ತಾ?

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಷ್ಟೋ ಹೊಲಗಳು ಸವುಳಾಗಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಎದ್ದಿರುತ್ತದೆ. ಬೇರೂರಿದ ಲಾವಂಚ ಉಪ್ಪನ್ನೂ ನಿಂತ ನೀರನ್ನೂ ಬೇರೆ ಬೆಳೆಗಿಂತ ಚೆನ್ನಾಗಿ ತಡೆಯುತ್ತದೆ. ಎಳೆ ಸಸಿ ಮಾತ್ರ ತಡೆಯೋದಿಲ್ಲ. ಚೀಲದಲ್ಲಿ ಮೂರು ತಿಂಗಳು ಬೆಳೆಸಿ, ಒಳ್ಳೆ ಮಳೆ ಬಿದ್ದು ಮೇಲಿನ ಉಪ್ಪು ಕರಗಿ ಇಳಿದ ಮೇಲೆ ಹಚ್ಚಿ.

ಆದರೆ ಲಾವಂಚ ಹಚ್ಚಿದ್ದರಿಂದಲೇ ಸವುಳು ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಂತ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕೇ ಬೇಕು. ಸವುಳು ನೆಲದ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರ ನಮ್ಮ ಗಂಗಾವತಿಯಲ್ಲೇ ಇದೆ. ಮಣ್ಣು ಪರೀಕ್ಷೆ ಮಾಡಿಸದೆ ದುಡ್ಡು ಸುರಿಯಬೇಡಿ.

ಹುಳ, ರೋಗ ಏನಾದರೂ?

ಕಡಿಮೆ. ಒಣಗಿದ ಬುಡಕ್ಕೆ ಗೆದ್ದಲು ಹತ್ತುತ್ತದೆ. ಒಣಗರಿ ತೆಗೆದು ಸ್ವಚ್ಛ ಇಟ್ಟರೆ ಸಾಕು. ಹಸಿ ತಿಪ್ಪೆಗೊಬ್ಬರ ಹಾಕಿದರೆ ಅದರ ಜೊತೆ ಗೊಣ್ಣೆಹುಳ ಬಂದು ಬೇರು ಕಡಿಯುತ್ತದೆ. ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ.

ಲಾವಂಚ ಇದ್ದ ಕಡೆ ಹಾವು ಬರಲ್ಲ ಅಂತಾರೆ, ಹೌದಾ?

ಅದನ್ನು ನಂಬಿ ಕೂರಬೇಡಿ. ಕೊಯ್ಯದೆ ಬಿಟ್ಟ ಯಾವ ಮೆಳೆಯಲ್ಲೂ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮನೆ ಹತ್ತಿರದ್ದನ್ನು ಕೊಯ್ದು ಬುಡ ಕಾಣುವ ಹಾಗೆ ಇಡಿ.

ಬೇರು ಯಾವಾಗ ಕೀಳಬೇಕು, ಹೇಗೆ?

ಹಚ್ಚಿ 15 ರಿಂದ 18 ತಿಂಗಳಾದ ಮೇಲೆ. ವರ್ಷದೊಳಗೆ ಕಿತ್ತರೆ ಬೇರು ಬೆಳ್ಳಗೆ, ಸಪ್ಪಗೆ ಇರುತ್ತದೆ. ತೀರಾ ವರ್ಷಗಟ್ಟಲೆ ಬಿಟ್ಟರೆ ಕಟ್ಟಿಗೆಯಂತಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ನಾವು ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ಬಂದು ಕೀಳುತ್ತೇವೆ. ಬೇಸಿಗೆಗೆ ಮೊದಲೇ ಬೇರು ತಯಾರಾಗಿರುತ್ತದೆ.

ಹಿಂದಿನ ದಿನ ನೀರು ಕಟ್ಟಿ. ಮರುದಿನ ಗರಿಯನ್ನು ಒಂದು ಗೇಣಿಗೆ ಕೊಯ್ದು, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತ ಕುಣಿ ತೋಡಿ. ಬೇರಿನ ಕಡೆಗೆ ಗುದ್ದಲಿ ಬೀಸಬೇಡಿ, ಕೈಯಿಂದ ಮಣ್ಣು ಉದುರಿಸಿ. ಚೀಲದ್ದಾದರೆ ಬ್ಲೇಡಿನಿಂದ ಚೀಲ ಸೀಳಿ, ಪೈಪಿನಿಂದ ನೀರು ಬಿಡಿ. ಮಣ್ಣು ಇಳಿದಂತೆ ಚೀಲದ ಆಕಾರದಲ್ಲೇ ಹೆಣೆದುಕೊಂಡ ಕಂದುಬಣ್ಣದ ಬೇರು ಕಾಣುತ್ತದೆ. ಅವತ್ತು ಅಂಗಳದಲ್ಲೆಲ್ಲ ಆ ವಾಸನೆ. ಮಕ್ಕಳು ಶಾಲೆಯಿಂದ ಬಂದವರೇ "ಲಾವಂಚ ಕಿತ್ತೀರಾ" ಅಂತ ಬಾಗಿಲಲ್ಲೇ ಕೇಳುತ್ತಾರೆ.

ಬುಡದಿಂದ ಎರಡು ಇಂಚು ಕೆಳಗೆ ಬೇರು ಕತ್ತರಿಸಿ. ಮೇಲಿನ ಬುಡ ಎಸೆಯಬೇಡಿ, ಅದೇ ಮುಂದಿನ ಸಸಿ. ಅವತ್ತೇ ತೆಂಡೆ ಬಿಡಿಸಿ ನೀರಿನಲ್ಲಿ ನಿಲ್ಲಿಸಿ, ಮೊಳಕೆ ಕಂಡ ಮೇಲೆ ಹೊಸ ಚೀಲಕ್ಕೆ ಹಚ್ಚಿ. ಬೇರನ್ನು ಎರಡು ಮೂರು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಘಮ ಹಾರಿಹೋಗುತ್ತದೆ. ಒಣಗಿದ್ದನ್ನು ಹತ್ತಿ ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿಡಿ. ರೇಷ್ಮೆ ಸೀರೆಗಳ ನಡುವೆ ಒಂದು ಕಟ್ಟು ಇಟ್ಟರೆ ವರ್ಷ ಕಳೆದರೂ ಸೀರೆ ಘಮಘಮ ಅನ್ನುತ್ತದೆ.

ಕುಡಿಯುವ ನೀರಿಗೆ ಹೇಗೆ ಹಾಕೋದು?

ಬೆರಳು ದಪ್ಪದ ಒಂದು ಕಟ್ಟನ್ನು ಮತ್ತೊಮ್ಮೆ ಚೆನ್ನಾಗಿ ತೊಳೆದು ಮಣ್ಣಿನ ಹರವಿಗೆ ರಾತ್ರಿ ಹಾಕಿ. ಬೆಳಿಗ್ಗೆ ನೀರಿಗೆ ಘಮ ಬಂದಿರುತ್ತದೆ. ಹರವಿಗೆ ಹಾಕುವುದು ಕುಡಿಯಲು ಯೋಗ್ಯವಾದ ನೀರೇ ಆಗಿರಬೇಕು. ಬೇರು ನೀರನ್ನು ಶುದ್ಧ ಮಾಡುವುದಿಲ್ಲ. ಮೂರು ದಿನಕ್ಕೊಮ್ಮೆ ತೆಗೆದು ಒಣಗಿಸಿ ಮತ್ತೆ ಹಾಕಬಹುದು. ಲೋಳೆ ಅನಿಸಿದರೆ ಅಥವಾ ಮುಗ್ಗು ವಾಸನೆ ಬಂದರೆ ಎಸೆಯಿರಿ.

ದೇಹಕ್ಕೆ ತಂಪು ಅನ್ನುತ್ತಾರೆ, ನಮ್ಮ ಮನೆಯಲ್ಲೂ ಹಾಗೆಂದೇ ಕುಡಿಯುತ್ತೇವೆ. ಆದರೆ ಬಿಸಿಲಿಗೆ ಯಾರಾದರೂ ತಲೆ ತಿರುಗಿ ಬಿದ್ದರೆ ಇದನ್ನು ನಂಬಿ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯರು ಡಾಕ್ಟರನ್ನು ಕೇಳಿ ಕುಡಿಯಲಿ.

ಕೂಲರಿಗೆ ಹಾಕಬಹುದಾ?

ಹಾಕಬಹುದು. ನೀರು ಆವಿಯಾಗುವಾಗ ಗಾಳಿ ತಂಪಾಗುತ್ತದೆ, ಗಾಳಿ ಒಣದಾಗಿದ್ದಷ್ಟೂ ಜಾಸ್ತಿ ತಂಪು. ಹಾಗಾಗಿ ನಮ್ಮ ಮೇ ತಿಂಗಳಿಗೆ ಇದು ಹೇಳಿ ಮಾಡಿಸಿದ್ದು. ಕೂಲರಿನ ಹುಲ್ಲಿನ ಪದರದ ನಡುವೆ ಬೇರನ್ನು ತೆಳ್ಳಗೆ ಹರಡಿ. ಕೂಲರ್ ಇಲ್ಲದವರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿ. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ.

ಎಣ್ಣೆಗೆ ಒಳ್ಳೆ ರೇಟ್ ಇದೆಯಂತೆ. ಎರಡು ಎಕರೆ ಹಾಕಲಾ?

ಅವಸರ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಎಣ್ಣೆಗೆ ಬೆಲೆ ಇರೋದು ನಿಜ. ಅತ್ತರು ಮಾಡುವವರಿಗೆ ಇದು ಬೇಕೇ ಬೇಕು. ಹೈಟಿ, ಇಂಡೋನೇಷ್ಯಾದಂಥ ದೇಶಗಳಿಂದಲೂ ಮಾರುಕಟ್ಟೆಗೆ ಬರುತ್ತದೆ. ಆದರೆ ನೂರು ಕಿಲೋ ಒಣ ಬೇರಿನಿಂದ ಸಿಗುವ ಎಣ್ಣೆ ಹೆಚ್ಚುಕಡಿಮೆ ಒಂದು ಕಿಲೋ. ತಳಿ, ಮಣ್ಣು, ಬೇರಿನ ವಯಸ್ಸಿನ ಮೇಲೆ ಇದು ಇನ್ನೂ ಇಳಿಯಬಹುದು. ಎಣ್ಣೆ ಗಟ್ಟಿ, ಬೇಗ ಬಿಡುವುದಿಲ್ಲ. ಹಗಲು ರಾತ್ರಿ ಹಬೆ ಕೊಡಬೇಕು. ತೂಕವೂ ನೀರಿನ ಹತ್ತಿರ ಹತ್ತಿರವೇ ಇರುವುದರಿಂದ ನೀರಿನಿಂದ ಬೇರ್ಪಡಿಸುವುದೂ ನಿಧಾನ.

ಅದಕ್ಕೇ ಮೊದಲು ಮೂರು ವಿಷಯ ಪಕ್ಕಾ ಮಾಡಿಕೊಳ್ಳಿ. ಕೊಳ್ಳುವವರು ಯಾರು, ಭಟ್ಟಿ ಎಷ್ಟು ದೂರ, ಅಗೆಯುವ ಆಳಿಗೆ ಏನು ಖರ್ಚು. ಈ ಬೆಳೆಯಲ್ಲಿ ಖರ್ಚು ಜಾಸ್ತಿ ಬರುವುದು ಅಗೆತಕ್ಕೇ. ಸಸಿ ಮಾರುವವರು "ನಾವೇ ವಾಪಸ್ ಕೊಳ್ತೀವಿ" ಅಂದರೆ ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನನಗೆ ಗೊತ್ತಿದ್ದವರೊಬ್ಬರು ಬರೀ ಬಾಯಿಮಾತು ನಂಬಿ ಒಂದೂವರೆ ಎಕರೆ ಹಾಕಿದರು. ಅದೂ ಎರೆಯಲ್ಲಿ. ಬೇರು ಬಲಿತ ಹೊತ್ತಿಗೆ ಆ ಕಡೆಯವರು ಫೋನೇ ಎತ್ತಲಿಲ್ಲ. ಕೊನೆಗೆ ಜೆಸಿಬಿ ತರಿಸಿ ಹೊಲ ಹಸನು ಮಾಡಿಸಬೇಕಾಯಿತು. ಹತ್ತು ಗುಂಟೆ ಮಸಾರಿಯಲ್ಲಿ ಹಾಕಿ, ಬೇರನ್ನು ಕಟ್ಟು ಮಾಡಿ ಬೇಸಿಗೆಯಲ್ಲಿ ಸಂತೆಗೆ ಒಯ್ದು ನೋಡಿ. ಮುಂದಿನದು ಆಮೇಲೆ.

ದೂರದ ಊರಿಗೆ ಸಸಿ ಕಳಿಸುವುದು ಹೇಗೆ?

ಗರಿ ಗೇಣುದ್ದಕ್ಕೆ ಕತ್ತರಿಸಿ, ಬುಡಕ್ಕೆ ಒದ್ದೆ ಗೋಣಿತಟ್ಟು ಸುತ್ತಿ, ಮೇಲೆ ಹಾಳೆ ಕಟ್ಟಿ. ಗರಿಯ ಕಡೆ ಗಾಳಿ ಆಡಲು ಬಿಡಿ, ಪೂರ್ತಿ ಮುಚ್ಚಿದರೆ ಕಾವಿಗೆ ಕೊಳೆಯುತ್ತದೆ. ಹೀಗೆ ಕಟ್ಟಿ ಲಿಂಗಸುಗೂರಿನ ನಮ್ಮ ಅಕ್ಕನಿಗೆ ಬಸ್ಸಿನಲ್ಲಿ ಕಳಿಸಿದ್ದೆ. ಅವಳು ಐದು ದಿನ ಬಿಟ್ಟು ಹಚ್ಚಿದಳು, ಮೂವತ್ತರಲ್ಲಿ ಇಪ್ಪತ್ತೇಳು ಹತ್ತಿದವು.